ಮೂರು ಜೋಡಿ ಸ್ಪೀಕರು ಮತ್ತು ಅಪ್ಪನ ಕಿವಿ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಸ್ಪೀಕರ್ ಬೇಕಾಗಿತ್ತು. ಹಳೆಯ ಜೋಡಿಯಲ್ಲಿ ಒಂದು ಸತ್ತೇ ಹೋಗಿತ್ತು, ಇನ್ನೊಂದು ಹೋಗುವ ಹಾದಿಯಲ್ಲಿತ್ತು. ಪಾಠದ ವಿಡಿಯೊ ಹಚ್ಚಿದರೆ ಹಿಂದಿನ ಬೆಂಚಿನ ಹುಡುಗಿಯರು, "ಟೀಚರ್, ಇವರು ಬಾವ್ಯಾಗ ಇಳದು ಮಾತಾಡಾಕತ್ತಾರ್ರಿ" ಎಂದು ನಗುತ್ತಿದ್ದರು. ಹೆಡ್‌ಮಾಸ್ತರರು ನನ್ನನ್ನು ಕರೆದು, "ವಿಜ್ಞಾನದಾವ್ರು ನೀವ ಟೀಚರ್, ಕಡಿಮಿ ರೊಕ್ಕದಾಗ ಚಲೋದು ನೋಡಿ ತರ್ರಿ" ಎಂದರು.

ನಾನು ಬೈಲಹೊಂಗಲದವಳು. ಶಾಲೆ ಇರುವುದು ಮುನವಳ್ಳಿಯ ಹತ್ತಿರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಹುಡುಕಿದರೂ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪಿಯುಸಿಗೆ ಕಿತ್ತೂರಿಗೆ ಹೋಗುವಾಗ ಬಸ್ಸಿನ ಬಾಗಿಲಲ್ಲಿ ಜೋತು ನಿಂತು ಸೂತ್ರಗಳನ್ನು ಬಾಯಿಪಾಠ ಮಾಡಿದವಳು ನಾನು. ಬಿಎಸ್ಸಿಯ ಮೊದಲ ವರ್ಷ ಇಂಗ್ಲಿಷ್ ಪುಸ್ತಕದ ಒಂದು ಪುಟಕ್ಕೆ ಒಂದು ರಾತ್ರಿ ತೆಗೆದುಕೊಂಡದ್ದೂ ಇದೆ. ಅವ್ವ ಈಗಲೂ ಸಿಟ್ಟು ಬಂದಾಗ ನನ್ನನ್ನು ಕರೆಯುವುದು "ಡಿಗ್ರಿ ಅಕ್ಕಾರು" ಎಂದೇ.

ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕಂಪ್ಯೂಟರ್ ಸಾಮಾನಿನ ಅಂಗಡಿಯಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿಕೊಂಡು ಅಲ್ಲಿಗೆ ಹೋದೆ. ಅಂಗಡಿಯವನು ಕುಣಿಯುವ ಹಾಡೊಂದನ್ನು ಹಚ್ಚಿ ದನಿಯನ್ನು ಪೂರ್ತಿ ತಿರುವಿದ.

"ಕೇಳ್ರಿ ಟೀಚರ್. ಎದಿ ನಡಗತೈತೋ ಇಲ್ಲೋ?"

"ಎದಿ ನಡಗೂದು ಬ್ಯಾಡ್ರಿ. ನನಗ ಮಾತು ಕೇಳಬೇಕು."

"ಮಾತು ಕೇಳಾಕ ಯಾರರೇ ಸ್ಪೀಕರ್ ತಗೋತಾರೇನ್ರಿ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಅಂಗಡಿಯಲ್ಲಿ ನಿಂತು ಸ್ಪೀಕರ್ ಆರಿಸಲು ಆಗುವುದಿಲ್ಲ. ಹೊರಗೆ ಬಸ್ಸಿನ ಹಾರ್ನು, ಒಳಗೆ ಪ್ರಿಂಟರಿನ ಕರಕರ. ಮೇಲಾಗಿ ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿದೆ ಎಂದು ಅನಿಸಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಆದ್ದರಿಂದ, "ಮೂರು ಜೋಡಿ ಕೊಡ್ರಿ, ಮನ್ಯಾಗ ಪರೀಕ್ಷಾ ಮಾಡಿ ಎರಡು ವಾಪಸ್ ತರತೇನಿ" ಎಂದೆ. ಬೇರೆ ಯಾರಿಗಾದರೂ ಅವನು ಕೊಡುತ್ತಿರಲಿಲ್ಲವೇನೋ. ನಾನು ಯಾರ ಮಗಳೆಂದು ಅವನಿಗೆ ಗೊತ್ತಿತ್ತು.

"ಒಯ್ರಿ. ಸೋಮವಾರ ಮುಂಜಾನೆ ತರ್ರಿ, ಪೆಟ್ಟಿಗಿ ಮಾತ್ರ ಹರೀಬ್ಯಾಡ್ರಿ. ಅಪ್ಪಾರ್ಗೆ ಕೇಳಸ್ರಿ. ಊರಾಗ ಅಂಥಾ ಕಿವಿ ಯಾರಿಗೈತಿ?"

ಆ ಕಿವಿಯ ಬಗ್ಗೆ ಹೇಳದೆ ಮುಂದಿನದು ತಿಳಿಯುವುದಿಲ್ಲ.

ಅಪ್ಪ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳು ಸಾಲಾಗಿ ನಿಂತು ಒಟ್ಟಿಗೆ ಬಡಿದುಕೊಳ್ಳುವ ಜಾಗ ಅದು. ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅರ್ಧ ಮಾತ್ರ ತಲುಪುತ್ತದೆ. ಅಂಥ ಗದ್ದಲದಲ್ಲಿ ಅಪ್ಪ, ಸಾಲಿನ ಯಾವ ಯಂತ್ರದ ಯಾವ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ ಎಂದು ಹೇಳುತ್ತಿದ್ದ. ಒಂದು ಮೊಳ ಉದ್ದದ, ಮರದ ಹಿಡಿಯ ಸ್ಕ್ರೂಡ್ರೈವರ್ ಅವನ ಹತ್ತಿರ ಇತ್ತು. ಅದರ ತುದಿಯನ್ನು ಬೇರಿಂಗಿನ ಮನೆಗೆ, ಎಂದರೆ ಅದು ಕೂತ ಕಬ್ಬಿಣದ ಗೂಡಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ನಮ್ಮ ಮನೆಯ ಮಿಕ್ಸರು, ಪಕ್ಕದವರ ಬೋರಿನ ಪಂಪು, ಓಣಿಯಲ್ಲಿ ಹಾದು ಹೋಗುವ ಟ್ರ್ಯಾಕ್ಟರು, ಯಾವುದೂ ಅವನಿಂದ ಪಾರಾಗುತ್ತಿರಲಿಲ್ಲ. ಊಟದ ನಡುವೆ ಎದ್ದು ಹೋಗಿ ಪಕ್ಕದವರಿಗೆ, "ನಿಮ್ಮ ಪಂಪು ಈ ವಾರ ಕೂಡತೈತಿ ನೋಡು" ಎಂದರೆ ಅದು ಆ ವಾರವೇ ಕೂತುಬಿಡುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಒಂದು ನಿಯಮ ತಾನಾಗಿ ಬೆಳೆದಿತ್ತು. ಅಪ್ಪನಿಗೆ ಕೇಳಿದ್ದಕ್ಕೂ ನಮಗೆ ಕೇಳಿದ್ದಕ್ಕೂ ಫರಕು ಬಂದರೆ ತಪ್ಪು ನಮ್ಮದು.

ಕೆಲಸದಿಂದ ನಿವೃತ್ತನಾದ ಮೇಲೂ ಮಿಲ್ಲಿನವರು ಅವನನ್ನು ಬಿಟ್ಟಿರಲಿಲ್ಲ. ಪ್ರತಿ ವರ್ಷ ದೀಪಾವಳಿ ಮುಗಿದು ಹಂಗಾಮು ಶುರುವಾಗುವ ದಿನ ಪೂಜೆ ಮಾಡಿ, ಕಾಯಿ ಒಡೆದು, ಯಂತ್ರಗಳನ್ನು ಖಾಲಿ ಓಡಿಸುತ್ತಾರೆ. ಹತ್ತಿ ಹಾಕುವುದಿಲ್ಲ. ಹಮಾಲರು, ಹೆಣ್ಣಾಳುಗಳು, ಕಾರಕೂನರು ಎಲ್ಲ ಗೋಡೆಗೆ ಆನಿಕೊಂಡು ನಿಲ್ಲುತ್ತಾರೆ. ಅಪ್ಪ ಒಬ್ಬನೇ ಸ್ಕ್ರೂಡ್ರೈವರ್ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕೇಳುತ್ತಾ ಹೋಗುತ್ತಾನೆ. ಕೊನೆಯ ಯಂತ್ರದ ಹತ್ತಿರ ಕೈ ಎತ್ತುತ್ತಾನೆ. ಆಮೇಲೆಯೇ ಮೊದಲ ಬುಟ್ಟಿ ಹತ್ತಿ. ರಾಮದುರ್ಗದ ಕಡೆಯ ಒಂದು ಮಿಲ್ಲಿನವರೂ ಕೆಲವು ವರ್ಷ ಗಾಡಿ ಕಳಿಸಿ ಕರೆಸಿಕೊಂಡಿದ್ದರು.

ಇದು ಬರೀ ಮರ್ಯಾದೆಯ ಮಾತಲ್ಲ. ಒಣಗಿದ ಬೇರಿಂಗ್ ಮೊದಲು ಸಣ್ಣಗೆ ಚೀರುತ್ತದೆ, ಆಮೇಲೆ ಕಾದು ಕೆಂಡವಾಗುತ್ತದೆ. ಸುತ್ತ ಇರುವುದು ಅರಳೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಜ್ವರ ಬಂದು ಮಲಗಿದ್ದ ವಾರ ಮಿಲ್ಲಿನ ಒಂದು ಕೋಣೆಗೆ ಬೆಂಕಿ ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಅರಳೆಯ ಬೆಂಕಿ ಆರಿತು ಎಂದುಕೊಂಡರೂ ಒಳಗೇ ಉರಿಯುತ್ತಿರುತ್ತದೆ. ಮೂರು ದಿನ ಓಣಿಯಲ್ಲಿ ಹೊಗೆ. ಅಪ್ಪ ಹಾಸಿಗೆಯಲ್ಲೇ ಕೂತು, "ಅದು ಒದರಿರತೈತಿ, ಇವರಿಗೆ ಕೇಳಿಲ್ಲ" ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ.

ನಾನು ಸ್ಪೀಕರ್ ತಂದ ಶನಿವಾರ ಸಂಜೆಯೇ ಮಿಲ್ಲಿನ ಮೇಸ್ತ್ರಿ ಬೈಕಿನ ಮೇಲೆ ಬಂದು, ಚಹ ಕುಡಿದು, "ಬುಧವಾರ ಚಾಲೂ ಮಾಡತೇವ್ರಿ, ಬರ್ರಿ" ಎಂದು ಹೇಳಿ ಹೋದ.

ರವಿವಾರ ಮುಂಜಾನೆ ಪರೀಕ್ಷೆಗೆ ಕೂತೆವು. ಹೊರಗಿನ ಕೋಣೆಯಲ್ಲಿ ಅವ್ವನ ಹಳೆಯ ಸೀರೆಯನ್ನು ಪರದೆ ಕಟ್ಟಿ, ಅದರ ಹಿಂದೆ ಮೇಜಿನ ಮೇಲೆ ಮೂರೂ ಜೋಡಿ ಇಟ್ಟೆ. ಒಂದನೆಯದು ಕೋಳಿಮೊಟ್ಟೆಯ ಆಕಾರದ ಕರಿ ಪ್ಲಾಸ್ಟಿಕ್ಕು. ಎರಡನೆಯದು ಹಲಗೆಯ ಚೌಕ ಡಬ್ಬಿ, ಯಾವ ಒನಪೂ ಇಲ್ಲ. ಮೂರನೆಯದಕ್ಕೆ ನೀಲಿ ದೀಪ, ಜೊತೆಗೆ ಕೆಳಗೆ ಇಡಲು ಒಂದು ದೊಡ್ಡ ಪೆಟ್ಟಿಗೆ. ಕಣ್ಣಿಗೆ ಕಂಡರೆ ಕಿವಿ ಪಕ್ಷಪಾತ ಮಾಡುತ್ತದೆ. ನೀಲಿ ದೀಪದ್ದು ಚೆನ್ನಾಗಿ ಕೇಳಿದಂತೆಯೇ ಅನಿಸುತ್ತದೆ. ಅದಕ್ಕೇ ಪರದೆ. ದನಿಯ ಮಟ್ಟವನ್ನೂ ಮೂರಕ್ಕೂ ಒಂದೇ ಮಾಡಿದೆ. ಇದನ್ನೆಲ್ಲ ನಾನು ಅಪ್ಪನಿಗೆ ವಿವರಿಸಿದಾಗ ಅವನು ಅಡುಗೆಮನೆಯ ಕಡೆ ತಿರುಗಿ, "ನೋಡ ನಿನ್ನ ಮಗಳು! ಹೆಣ್ಣ ನೋಡಾಕ ಬಂದವ್ರಿಗಿ ಹಿಂಗ ಪರದೆ ಕಟ್ಟಿ ಕುಂಡರಸಬೇಕು" ಎಂದ.

ಮೊದಲು ಮಾತು. ಪಾಠವೊಂದನ್ನು ನಾನೇ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಒಂದೊಂದನ್ನೂ ಕೇಳಿ ಅಪ್ಪ ತೀರ್ಪು ಕೊಟ್ಟ.

"ಒಂದನೇದು ಮೂಗಿಲೆ ಮಾತಾಡತೈತಿ. ಎರಡನೇದು ಮನಶಾರಂಗ ಐತಿ, ಆದ್ರ ಎಲ್ಲೋ ಒಂದ ಕಡೆ ಗುಂಯ್ ಅಂತೈತಿ. ಮೂರನೇದು ಮದುವಿ ಪೆಂಡಾಲು."

ನನ್ನ ನೋಟ್‌ಬುಕ್ಕಿನಲ್ಲೂ ಹೆಚ್ಚು ಕಡಿಮೆ ಅದೇ ಇತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇಂಥ ಕಿವಿಯ ಮಗಳಾಗಿ ನಾನು ವಿಜ್ಞಾನ ಓದಿದ್ದು ಸರಿಯೇ ಆಯಿತು ಎಂದುಕೊಂಡೆ.

ಆಮೇಲೆ ಕರಡಿ ಮಜಲು. ದೇಗಾಂವಿಯಲ್ಲಿ ಯಾರದೋ ಮನೆಯ ಕಾರ್ಯಕ್ಕೆ ಹೋದಾಗ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ ಬಾಜಾ ಅದು. ಕರಡಿ ವಾದ್ಯದ ದಪ್ಪ ಪೆಟ್ಟು, ಶಹನಾಯಿಯಂಥ ಸನಾದಿ, ತಾಳ, ಮೂರೂ ಇದ್ದವು. ದಪ್ಪದಿಂದ ತೆಳುವಿನವರೆಗೆ ಎಲ್ಲವೂ ಒಂದರಲ್ಲೇ ಸಿಗುತ್ತದೆ ಎಂದು ಅದನ್ನು ಆರಿಸಿದ್ದೆ. ಅಪ್ಪ ತೊಡೆಯ ಮೇಲೆ ಬೆರಳಾಡಿಸುತ್ತಾ ಕೇಳಿದ. ಮುಗಿದ ಮೇಲೆ ಅಂದ:

"ತಾಳದಾವ್ರು ಬಂದಿದ್ದಿಲ್ಲೇನು ಅವತ್ತು?"

ಬಂದಿದ್ದರು. ನನಗೆ ತಾಳ ಕೇಳುತ್ತಲೂ ಇತ್ತು, ಎರಡನೆಯದರಲ್ಲಿ ಚೆನ್ನಾಗಿಯೇ. ಆದರೂ ನಾನು ಪೆನ್ನು ತೆಗೆದು ಮೂರರ ಮುಂದೆಯೂ "ತಾಳ ಸರಿಯಾಗಿ ಬರುವುದಿಲ್ಲ" ಎಂದು ಬರೆದುಕೊಂಡೆ. ವಿಜ್ಞಾನ ಓದಿದವಳು, ಕಿವಿಯಾರೆ ಕೇಳಿದವಳು, ಹಾಗೆ ಬರೆದೆ. ಇವತ್ತಿಗೂ ಆ ಪುಟ ನನ್ನ ಹತ್ತಿರ ಇದೆ.

ಕೊನೆಯದು ಸಿಳ್ಳಿನ ಪರೀಕ್ಷೆ. ಲ್ಯಾಪ್‌ಟಾಪಿನಲ್ಲಿ ಒಂದು ಒಂಟಿ ದನಿ ತೀರಾ ಕೆಳಗಿನ ಗುಂಯ್‌ಕಾರದಿಂದ ಹೊರಟು, ಮೆಲ್ಲಗೆ ಏರುತ್ತಾ, ತೆಳುವಾಗುತ್ತಾ, ಕೊನೆಗೆ ಸೊಳ್ಳೆಯ ದನಿಗಿಂತ ಸಣ್ಣಗಾಗಿ ಮುಗಿಯುತ್ತದೆ. ಎಷ್ಟು ಎತ್ತರಕ್ಕೆ ಹೋಗಿದೆ ಎಂದು ಲ್ಯಾಪ್‌ಟಾಪಿನ ಸ್ಕ್ರೀನಿನ ಮೇಲೆ ಹರ್ಟ್ಸ್ ಅಂಕಿ ಓಡುತ್ತಿರುತ್ತದೆ. ಅಗ್ಗದ ಸ್ಪೀಕರುಗಳು ಎರಡೂ ತುದಿಯಲ್ಲಿ ಕೈಕೊಡುತ್ತವೆ. ಎಲ್ಲಿ ಎಂದು ನೋಡಬೇಕಿತ್ತು. "ದನಿ ಕೇಳೂತನ ಕೈ ಮ್ಯಾಲ ಇಡು, ನಿಂತ ಕೂಡ್ಲೆ ಇಳಸು" ಎಂದು ಅಪ್ಪನಿಗೆ ಹೇಳಿದೆ.

ಒಂದನೆಯದು ಹಚ್ಚಿದೆ. ಮೂರು ಸಾವಿರ ದಾಟುತ್ತಿದ್ದಂತೆ ಅಪ್ಪನ ಕೈ ಇಳಿಯಿತು. ನನಗಿನ್ನೂ ಕೇಳುತ್ತಿತ್ತು. ಅವನು ಬೇಸತ್ತು ಇಳಿಸಿದನೇನೋ ಎಂದುಕೊಂಡೆ. ಆದರೆ ಬರೆದದ್ದು ಅವನ ಅಂಕಿ. ಎರಡನೆಯದು ಹಚ್ಚಿದೆ. ಅಲ್ಲೇ ಇಳಿಯಿತು. ಅದನ್ನೂ ಬರೆದೆ.

"ಎರಡೂ ಒಂದ ಕಾರ್ಖಾನಿ ಮಾಲು ಕಾಣತೈತಿ," ಅಪ್ಪ ಅಂದ, "ಮ್ಯಾಲ ಏರೂದ ಇಲ್ಲ."

ಮೂರನೆಯದು ಹಚ್ಚಿದೆ. ಮತ್ತೆ ಅದೇ ಜಾಗ. ಅಪ್ಪನ ಕೈ ತೊಡೆಯ ಮೇಲೆ ಬಂತು. ಸಿಳ್ಳು ಏರುತ್ತಲೇ ಇತ್ತು, ಐದು ಸಾವಿರ, ಆರು ಸಾವಿರ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಅವ್ವ ಬಂದು ನಿಂತಳು. ರೊಟ್ಟಿಯ ಹಿಟ್ಟು ಮೆತ್ತಿದ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು.

"ಬಂದ್ ಮಾಡಬೇ ಅದನ್ನ! ಹಲ್ಲೆಲ್ಲಾ ಜುಂ ಅನ್ನಾಕತ್ತಾವ!"

ಅಪ್ಪ ಅವಳನ್ನು ನೋಡಿದ. ಅವನ ಪಾಲಿಗೆ ಕೋಣೆ ಆಗ ನಿಶ್ಶಬ್ದವಾಗಿತ್ತು. ನಿಶ್ಶಬ್ದದಲ್ಲಿ ಒಬ್ಬ ಹೆಂಗಸು ಕಿವಿ ಮುಚ್ಚಿಕೊಂಡು ನಿಂತಿದ್ದಾಳೆ. ಅವನು ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಪರದೆಯನ್ನು ನೋಡಿದ. ನಾನು ಗಡಬಡಿಸಿ ದನಿ ನಿಲ್ಲಿಸಿದೆ. ನಿಲ್ಲಿಸಿದ್ದು ಅವ್ವನ ಕೈ ಕೆಳಗಿಳಿದದ್ದರಿಂದ ಅವನಿಗೆ ತಿಳಿಯಿತು.

ನನಗೆ ಆಗ ಹೊಳೆದದ್ದು ಬುಧವಾರ. ಬೇರಿಂಗ್ ಚೀರುವ ದನಿ ಆ ಮೂರು ಸಾವಿರದ ಆಚೆಯೇ ಇರುವಂಥದ್ದು. ಹೇಳಿದರೆ ಅವನ ಬಾಳಿನ ಹೆಮ್ಮೆ ಹೋಗುತ್ತದೆ. ಹೇಳದಿದ್ದರೆ, ಅವನು ಕೈ ಎತ್ತುತ್ತಾನೆ, ಅವರು ಹತ್ತಿ ಹಾಕುತ್ತಾರೆ. ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದ ನಾನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂತೆ.

ಅಪ್ಪ ಎದ್ದ. ಪರದೆಯ ಒಂದು ಗಂಟು ಬಿಚ್ಚಿ ಸೀರೆಯನ್ನು ಬದಿಗೆ ಸರಿಸಿದ. ತನ್ನ ಕುರ್ಚಿಯನ್ನು ನನ್ನ ಎದುರಿಗೆ ತಿರುಗಿಸಿಕೊಂಡು ಕೂತ.

"ಮತ್ತ ಹಚ್ಚು. ಈಗ ನೀ ಕೈ ಎತ್ತು." ಅವ್ವನಿಗೂ ಹೇಳಿದ: "ನೀನೂ ಎತ್ತು. ಖರೇನ ಕೇಳೂತನ ಎತ್ತಬೇಕು. ನನ್ನ ಮಾರಿ ನೋಡಿ ಇಳಸೂದಿಲ್ಲ."

ಎರಡನೆಯ ಜೋಡಿಗೆ ಹಚ್ಚಿದೆ. ನಾನೂ ಅವ್ವನೂ ಸಾಲಿ ಹುಡುಗಿಯರಂತೆ ಕೈ ಎತ್ತಿ ಕೂತೆವು. ಅಪ್ಪ ತನ್ನ ಕೈಯನ್ನೂ ಎತ್ತಿದ್ದ. ಅಂಕಿ ಏರಿತು. ಅವನ ಕೈ ಇಳಿಯಿತು. ನಮ್ಮ ಕೈ ಮೇಲೆಯೇ ಇತ್ತು. ಅವ್ವನ ಕಣ್ಣು ತುಂಬಿ ಬಂದಿತ್ತು, ಆದರೆ ಹೇಳಿದಂತೆ ಕೈ ಇಳಿಸಲಿಲ್ಲ. ಅಪ್ಪ ಯಂತ್ರ ನೋಡುವ ಹಾಗೆ ನಮ್ಮ ಕೈಗಳನ್ನು ನೋಡುತ್ತಿದ್ದ. ಎಂಟು ಸಾವಿರದ ಮೇಲೆ ಅವ್ವನದು ಇಳಿಯಿತು. ನನ್ನದು ಇನ್ನೂ ಎಷ್ಟೋ ಹೊತ್ತು ಅಲ್ಲೇ ಇತ್ತು. ತೋಳು ನೋಯತೊಡಗಿತು. ಜೀವನದಲ್ಲಿ ನನಗೆ ಬರುವ ಉತ್ತರಕ್ಕೆ ಕೈ ಎತ್ತಲು ಅಷ್ಟು ಸಂಕಟ ಎಂದೂ ಆಗಿರಲಿಲ್ಲ.

"ಇಷ್ಟೊತ್ತೂ ಬಡಕೊಳ್ಳಾಕತ್ತಿತ್ತು?" ನಾನು ಕೈ ಇಳಿಸಿದ ಮೇಲೆ ಅಪ್ಪ ಕೇಳಿದ.

"ಹೂಂ."

"ನಿನ್ನ ವಹಿ ತಗಿ. ನಾ ಹೇಳಿದ್ದ ಬರದೀಯಲ್ಲ, ಅದನ್ನ ಹೊಡದ ಹಾಕು. ಮಾಲು ಚಲೋ ಐತಿ. ಕಿವಿ ಹೋಗೇತಿ."

ನಾನು ಗೀಟು ಎಳೆದೆ. ತಾಳದ ಸಾಲನ್ನೂ ಹೊಡೆದೆ.

"ಎರಡ ಹಂಗಾಮು ಆತು," ಅವನು ಮೆಲ್ಲಗೆ ಹೇಳಿದ, "ಒಂದ ಮಷೀನೂ ಚೀಂ ಅಂದಿಲ್ಲ. ಈಗಿನ ಗ್ರೀಸು ಭಾಳ ಚಲೋ ಬರಾಕತ್ತೇತಿ ಅಂದಕೊಂಡಿದ್ದೆ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳಿಗೆ ಮೊದಲೇ ಗೊತ್ತಿತ್ತು. ಅವನನ್ನು ಹಿಂದಿನಿಂದ ಕೂಗಿ ಮಾತಾಡಿಸುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತಂತೆ. ಎದುರಿಗೆ ಬಂದೇ ಹೇಳುತ್ತಿದ್ದಳಂತೆ. ಅದನ್ನು ನಾನು ವಯಸ್ಸಾದವರ ಸಲುಗೆ ಎಂದುಕೊಂಡಿದ್ದೆ. "ಯಾಕ ಹೇಳಲಿಲ್ಲ?" ಎಂದು ಸಿಟ್ಟಿನಿಂದ ಕೇಳಿದೆ.

"ಏನಂತ ಹೇಳ್ಲಿ? ಮಿಲ್ಲಿಂದ ಕರಿ ಬರೂದ ತಡಾ, ಅವತ್ತ ಅಂಗಿ ಇಸ್ತ್ರಿಗಿ ಕೊಡತಾನ. ಡಿಗ್ರಿ ಅಕ್ಕಾರು ನೀವರೇ ಹೇಳಬೇಕಿತ್ತಲ್ಲ, ಈಗ ಯಾಕ ಬಾಯಿ ಕಟ್ಟಿತ್ತು?"

ಆ ಕಿವಿ ಎಲ್ಲಿ ಹೋಯಿತೆಂಬುದು ನನಗೆ ಗೊತ್ತಿತ್ತು. ನಾನು ಕಾಲೇಜಿಗೆ ಹೋದ ವರ್ಷಗಳಲ್ಲಿ ಅಪ್ಪ ಹಂಗಾಮಿನ ತುಂಬ ಎರಡೆರಡು ಪಾಳಿ ಮಾಡುತ್ತಿದ್ದ. ಕಿವಿಗೆ ಅರಳೆ ತುರುಕಿಕೊಳ್ಳೆಂದು ಅವ್ವ ಹೇಳಿದರೆ, "ಕಿವಿ ಮುಚಕೊಂಡ ಮಷೀನ್ ಹೆಂಗ ಕೇಳ್ಲಿ?" ಎನ್ನುತ್ತಿದ್ದ. ನನ್ನ ಪದವಿಯ ಚೌಕಟ್ಟು ಆ ಕೋಣೆಯ ಗೋಡೆಯ ಮೇಲೇ ಇತ್ತು. ಆ ಹೊತ್ತು ಅದರ ಕಡೆ ನೋಡಲು ನನ್ನಿಂದ ಆಗಲಿಲ್ಲ. ಹಾಗೆಂದು ಅದರ ಹೆಮ್ಮೆ ಕಡಿಮೆಯಾಯಿತೆಂದೂ ಹೇಳಲಾರೆ. ಅದರ ತೂಕ ಹೆಚ್ಚಾಯಿತು, ಅಷ್ಟೇ.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. "ಕರಡಿ ಮಜಲು ಹಚ್ಚು" ಎಂದು ಹೇಳಿ, ಎರಡನೆಯ ಜೋಡಿಯ ಒಂದೊಂದು ಡಬ್ಬಿಯ ಮೇಲೂ ಅಂಗೈ ಇಟ್ಟ. ಎಡಗಡೆಯದರ ಬೆನ್ನಿಗೆ ಬೆರಳು ಬಂದಾಗ ನಿಂತ. "ಇಲ್ಲೈತಿ ನೋಡು ನಿನ್ನ ಗುಂಯ್. ಹಿಂದಿನ ಹಲಗಿ ಸಡ್ಲ ಐತಿ." ಮುಂಜಾನೆಯಿಂದ ಕಿವಿಯಿಟ್ಟು ಕೇಳಿದ ನನಗೆ ಅದು ಎಲ್ಲಿಂದ ಬರುತ್ತಿದೆ ಎಂದು ಸಿಕ್ಕಿರಲಿಲ್ಲ. ಅವನು ಸ್ಕ್ರೂ ಬಿಗಿದ. ಗುಂಯ್ ಹೋಯಿತು. ನಾನು ಆ ಜೋಡಿಯನ್ನೇ ಶಾಲೆಗೆ ಆರಿಸಿದೆ.

ಸೋಮವಾರ ಉಳಿದ ಎರಡನ್ನು ವಾಪಸ್ ಕೊಟ್ಟಾಗ ಅಂಗಡಿಯವನು, "ನೀಲಿ ದೀಪದ್ದು ಬಿಟ್ಟ ಇದನ್ನ ಒಯ್ತೀರಿ? ಅಪ್ಪಾರು ಹೇಳಿದ್ರೇನ್ರಿ?" ಎಂದು ಕೇಳಿದ. ನಾನು "ಹೂಂ" ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಮಂಗಳವಾರದವರೆಗೆ ಅಪ್ಪ ಮಿಲ್ಲಿನ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಆದರೆ ಮಂಗಳವಾರ ಸಂಜೆ ಇಸ್ತ್ರಿಯ ಅಂಗಿ ಬಂದದ್ದನ್ನು ನೋಡಿ, ಎಂದಿನಂತೆ ಕೈ ಎತ್ತಲು ಹೊರಟಿದ್ದಾನೆ ಎಂದುಕೊಂಡೆ. ಅಪ್ಪ ಅಂಗಿಯನ್ನು ಗೂಟಕ್ಕೆ ತೂಗುಹಾಕಿ, ನನ್ನ ಕಡೆ ತಿರುಗದೆಯೇ ಹೇಳಿದ: "ನಾಳಿ ಸಾಲಿಗಿ ರಜಾ ಹಾಕು. ನನ್ನ ಕೂಡ ಬಾ."

ಮಿಲ್ಲಿನಲ್ಲಿ ಪೂಜೆ ಮುಗಿದಿತ್ತು. ಯಂತ್ರಗಳನ್ನು ಇನ್ನೂ ಚಾಲೂ ಮಾಡಿರಲಿಲ್ಲ. ಜನ ಗೋಡೆಗೆ ಆನಿಕೊಂಡರು. ಮೇಸ್ತ್ರಿ ಎಂದಿನಂತೆ ಅಪ್ಪನ ಸ್ಕ್ರೂಡ್ರೈವರಿಗೆ ಅರಿಶಿನ ಕುಂಕುಮ ಹಚ್ಚಿ ಅವನ ಮುಂದೆ ಹಿಡಿದ. ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದ:

"ನನ್ನ ಕಿವಿ ಹೋಗ್ಯಾವ್ಪಾ. ಸಣ್ಣ ದನಿ ಕೇಳಂಗಿಲ್ಲ. ಎರಡ ವರ್ಷ ದೇವರು ಕಾದಾನ. ಇವತ್ತ ಇಕಿ ಕೇಳತಾಳ, ನಾ ಹೇಳತೇನಿ."

ಮೇಸ್ತ್ರಿ ನನ್ನ ಕಡೆ ತಿರುಗಿ ನೋಡಿದ. ಗೋಡೆಯ ಕಡೆಯಿಂದ ಒಬ್ಬ ಹೆಣ್ಣಾಳು, "ಟೀಚರ್ರು ಮಷೀನ್‌ಗೂ ಪಾಠ ಮಾಡತಾರೇನ?" ಎಂದಳು. ಕೆಲವರು ನಕ್ಕರು. ಅಪ್ಪನಿಗೆ ಆ ಮಾತು ಕೇಳಿಸಿರಲಿಕ್ಕಿಲ್ಲ, ಆದರೆ ಜನ ನಗುವುದನ್ನು ನೋಡಿ ಅವನೂ ನಕ್ಕ. ಸ್ಕ್ರೂಡ್ರೈವರ್ ನನ್ನ ಕೈಗೆ ಬಂತು. ಯಂತ್ರಗಳು ಖಾಲಿ ಓಡತೊಡಗಿದವು.

ತುದಿಯನ್ನು ಎಲ್ಲಿ ಒತ್ತಬೇಕೆಂದು ಅವನು ಬೆರಳಿನಿಂದ ತೋರಿಸುತ್ತಿದ್ದ. ನಾನು ಹಿಡಿಯನ್ನು ಕಿವಿಯ ಹಿಂದೆ ಇಟ್ಟುಕೊಂಡೆ. ಹೊರಗಿನ ಗದ್ದಲದ ಅಡಿಯಿಂದ ಇನ್ನೊಂದು ದನಿ ಎಲುಬಿನೊಳಗೆ ಹತ್ತಿ ಬಂತು. ಅದು ಸರಿಯಾದದ್ದೋ ಕೆಟ್ಟದ್ದೋ ನನಗೆ ಒಂದಿಷ್ಟೂ ತಿಳಿಯಲಿಲ್ಲ. ನನ್ನ ಮುಖದ ಮುಂದೆ ಮುಖ ತಂದು ಅಪ್ಪ ಕೇಳಿದ:

"ಹೆಂಗೈತಿ?"

"ಹಿಟ್ಟು ಜರಡಿ ಹಿಡದಂಗ."

ನನ್ನ ತುಟಿ ನೋಡಿ ತಲೆಯಾಡಿಸಿದ. "ಚಲೋ ಐತಿ. ನಡಿ."

ಮುಂದಿನದು ಜರಡಿ. ಅದರ ಮುಂದಿನದೂ ಜರಡಿ. ಐದನೆಯದಕ್ಕೆ ಬಂದಾಗ ಜರಡಿಯ ಮೇಲೆ ಒಂದು ಸಣ್ಣ ಎಳೆ, ಬಂತು ಎನ್ನುವಷ್ಟರಲ್ಲಿ ಹೋಗಿ ಮತ್ತೆ ಬರುತ್ತಿತ್ತು.

"ತಂಬಗಿ ಮ್ಯಾಲ ಉಗುರಿಲೆ ಗೀರಿದಂಗ. ಬಿಟ್ಟ ಬಿಟ್ಟ ಬರತೈತಿ."

"ಸುತ್ತಿಗೊಮ್ಮೆನೋ, ಹಂಗ ಸುಮ್ನ ಬರತೈತೋ?"

ಮತ್ತೆ ಕಿವಿಯಿಟ್ಟೆ. "ಸುತ್ತಿಗೊಮ್ಮೆ."

ಅಪ್ಪ ಬೇರಿಂಗಿನ ಮನೆಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತ. ಆಮೇಲೆ ಮೇಸ್ತ್ರಿಗೆ ಕೈಸನ್ನೆ ಮಾಡಿದ: ಇದನ್ನು ನಿಲ್ಲಿಸು, ಬಿಚ್ಚು. ಬಿಚ್ಚಿದಾಗ ಒಳಗೆ ಗ್ರೀಸು ಒಣಗಿ ಕರೀ ಹುಡಿಯಾಗಿತ್ತು. ಮೇಸ್ತ್ರಿ ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಹೊಸ ಗ್ರೀಸು ತುಂಬಿಸಿದ.

ಸಾಲು ಮುಗಿದಾಗ ಅಪ್ಪ ಕೊನೆಯ ಯಂತ್ರದ ಹತ್ತಿರ ನಿಂತು ನನ್ನ ಕಡೆ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ. ಆಮೇಲೆ ಅವನು ಕೈ ಎತ್ತಿದ. ಮೊದಲ ಬುಟ್ಟಿ ಹತ್ತಿ ಬಿತ್ತು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅಪ್ಪ ಮೇಸ್ತ್ರಿಗೆ, "ಮುಂದಿನ ವರ್ಷಕ್ಕ ಬ್ಯಾರೆ ಯಾರನ್ನರೇ ನೋಡಕೋರಿ" ಎಂದ.

"ನೀವ ಬರ್ರಿ," ಎಂದ ಮೇಸ್ತ್ರಿ, ಅಪ್ಪನ ಎದುರಿಗೆ ಬಂದು ನಿಂತು, ಒಂದೊಂದೇ ಮಾತನ್ನು ಬಿಡಿಸಿ, "ಕಿವಿ ನಾವ ತರತೇವಿ."